ಒಂದು ಗೇಣು ಹಿಂದಕ್ಕೆ

ಅಂಥ ಕಾರನ್ನು ಸೋಮಮ್ಮ ಹುಟ್ಟಿದ ಮೇಲೆ ನೋಡಿರಲಿಲ್ಲ. ನೋಡಿದ ಮೇಲೆ, ನೋಡದಿದ್ದರೂ ಏನೂ ಕಳೆದುಕೊಳ್ಳುತ್ತಿರಲಿಲ್ಲ ಅನ್ನಿಸಿತು. ಒಳಗೆ ಇಬ್ಬರು ಕೂರುವಷ್ಟು ಜಾಗ, ಹೊರಗೆ ಬೀದಿಯ ಅರ್ಧ ಉದ್ದದ ಮೂತಿ. ಬಣ್ಣ ಕೇಸರಿಬಾತಿನದು. ಉಂಡು ಮಲಗಿದ ಎಮ್ಮೆಯ ಹಾಗೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡೇ ಅದು ಗುಂಡ್ಲುಪೇಟೆಯ ಆ ಬೀದಿಗೆ ಬಂತು. ತಿರುವಿನ ಉಬ್ಬು ದಾಟುವಾಗ ಹೊಟ್ಟೆ ಕೆರೆದ ಸದ್ದು ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದ ಅವಳಿಗೂ ಕೇಳಿಸಿತು. ಅದರ ಹಿಂದೆ ಒಂದು ಜೀಪು. ಕಾರಿನಲ್ಲಿ ಹಿಡಿಸದ ಗಂಡಿನ ಕಡೆಯವರೆಲ್ಲ ಜೀಪಿನಲ್ಲಿ.

"ಇದ್ಯಾವ ಸೀಮೆ ಗಾಡಿ," ಅಂದಳು ಕಿಟಕಿಯಿಂದ ಬಗ್ಗಿ ನೋಡಿ. "ಇಬ್ಬರು ಬರಕ ಒಂದು, ಮಿಕ್ಕೋರು ಬರಕ ಇನ್ನೊಂದು."

"ಸ್ಪೋರ್ಟ್ಸ್ ಕಾರು ಅತ್ತೆ. ಜಪಾನಿಂದು. ಹಳೇ ಮಾಡೆಲ್ಲು," ಅಂದಳು ರಮ್ಯ, ಸೆರಗಿಗೆ ಪಿನ್ನು ಚುಚ್ಚಿಕೊಳ್ಳುತ್ತ.

"ಹಳೇದು ಅಂತ ನೋಡುದ್ರೇ ಗೊತ್ತಾಯ್ತದ. ಬಣ್ಣ ಬಳ್ದವ್ರ ಅಷ್ಟೆ."

ರಮ್ಯ ಸೋಮಮ್ಮನ ತಮ್ಮ ರಂಗಸ್ವಾಮಿಯ ಒಬ್ಬಳೇ ಮಗಳು. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೆಲಸ. ತಾಯಿ ತೀರಿಕೊಂಡಾಗ ಅವಳಿನ್ನೂ ಲಂಗ ಹಾಕುವ ಹುಡುಗಿ. ಗಂಡನಿಲ್ಲದ ಸೋಮಮ್ಮ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಕುದೇರಿನಿಂದ ಬಂದವಳು, ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ.

ಹೊರಗೆ ಗಂಡಿನ ಸೋದರಮಾವ ಹುಚ್ಚಯ್ಯನ ದನಿ ಬೀದಿಯನ್ನೆಲ್ಲ ತುಂಬಿತು. ಚಾಮರಾಜನಗರದ ಕಡೆ ಕರಿಕಲ್ಲಿನ ಕ್ವಾರಿ ಇಟ್ಟುಕೊಂಡಿದ್ದ ಆಸಾಮಿ. ಕಲ್ಲು ಒಡೆಸುವ ಜಾಗದಲ್ಲಿ ಕೂಗಿ ಕೂಗಿ ರೂಢಿಯಾದ ಗಂಟಲು.

"ಏನ್ಲಾ ಶಾಂತಾ, ಎತ್ತಲಾಗಿ ನಿಲ್ಲಿಸ್ತಿದ್ದಿಯಾ? ಮೂತಿ ಮೂಡ್ಲಾಗಿ ಇರ್ಲಿ. ಸುಭಕಾರ್ಯಕ ಬಂದ ಗಾಡಿ ಓಗುವಾಗ ಹಿಂದಕ ತಗಿಯಂಗಿಲ್ಲ. ಈಗ್ಲೇ ತಿರುಗಿಸಿ ಮಡಗ್ಬುಡು."

ಸ್ಟೀರಿಂಗ್ ಹಿಡಿದಿದ್ದ ಶಾಂತರಾಜು, ಅಂದರೆ ಮದುವೆ ಗಂಡು, ಹೂಂ ಅಂದ. ಆ ಇಕ್ಕಟ್ಟು ಬೀದಿಯಲ್ಲಿ ಅಷ್ಟುದ್ದದ ಮೂತಿಯನ್ನು ಪೂರ್ವಕ್ಕೆ ತಿರುಗಿಸುವುದೆಂದರೆ ಬಚ್ಚಲೊಳಗೆ ಏಣಿ ತಿರುಗಿಸಿದ ಹಾಗೆ. ಮುಂದೆ, ಹಿಂದೆ, ಮತ್ತೆ ಮುಂದೆ. ಕೊನೆಗೆ ರಂಗಸ್ವಾಮಿಯ ಮನೆ ಮುಂದೆ ಚರಂಡಿಗೆ ಹಾಸಿದ ಚಪ್ಪಡಿ ಕಲ್ಲಿಗೆ ಎಡಗಡೆಯ ಮುಂದಿನ ಚಕ್ರ ಓರೆಯಾಗಿ ಹೋಗಿ ಒತ್ತಿಕೊಂಡಿತು. ಬೀದಿ ಅಲ್ಲಿ ಸ್ವಲ್ಪ ಇಳಿಜಾರು. ಕಾರಿನ ಭಾರವೆಲ್ಲ ಆ ಕಲ್ಲಿನ ಮೇಲೆ. ಶಾಂತರಾಜು ಕತ್ತು ಚಾಚಿ ಚಕ್ರದ ಕಡೆ ನೋಡಿದ, ಇನ್ನೂ ಸ್ವಲ್ಪ ಸರಿಮಾಡುವವನ ಹಾಗೆ ಕೈ ಎತ್ತಿದ.

"ಸಾಕು ನಿಲ್ಸು. ಮೂಡ್ಲಾಗೇ ಅದ," ಅಂದ ಹುಚ್ಚಯ್ಯ.

ನಿಂತಿತು. ಆಮೇಲೆ ಹುಚ್ಚಯ್ಯ ಇಳಿಯುವ ಕೆಲಸ. ಮೊದಲು ಒಂದು ಕಾಲು ಬಂತು, ಆಮೇಲೆ ಉಂಗುರಗಳ ಕೈ ಬಂತು, ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಜೀಪಿನ ಡ್ರೈವರ್ ಶಿವಮಲ್ಲು ಓಡಿ ಬಂದು ಕಂಕುಳಿಗೆ ಕೈ ಕೊಟ್ಟು ಎಳೆದ ಮೇಲೆ ಮಿಕ್ಕಿದ್ದು ಹೊರಗೆ ಬಂತು. ರಂಗಸ್ವಾಮಿ ಬಾಗಿಲಲ್ಲಿ ಕೈಮುಗಿದು, ಆ ಎಳೆದಾಟವೂ ಶಾಸ್ತ್ರದ ಒಂದು ಭಾಗವೆಂಬಂತೆ ನಗುತ್ತ ನಿಂತಿದ್ದ. ತಮ್ಮನ ಆ ನಗುವನ್ನು ಕಂಡರೆ ಸೋಮಮ್ಮನಿಗೆ ಚಿಕ್ಕಂದಿನಿಂದಲೂ ಕೈ ಕಡಿಯುತ್ತಿತ್ತು.

ಒಳಗೆ ಕೂತ ಮೇಲೆ ಹುಚ್ಚಯ್ಯನೇ ಮಾತಾಡಿದ. ಹುಡುಗನ ಓದೇನು ಅಂದರೆ ಹುಚ್ಚಯ್ಯ ಹೇಳಿದ. ಕೆಲಸ ಎಲ್ಲಿ ಅಂದರೆ, "ನಮ್ಮ ಕ್ವಾರಿ ಆಫೀಸು ಪೂರಾ ಅವನ್ದೇ," ಅಂದ. ಉಪ್ಪಿಟ್ಟು ಖಾರ ಆಯಿತೇ ಎಂದು ಸೋಮಮ್ಮ ಹುಡುಗನನ್ನೇ ಮುಖ ನೋಡಿ ಕೇಳಿದಳು. "ಅವನು ಖಾರ ತಿಂತನ," ಅಂದ ಹುಚ್ಚಯ್ಯ. ಹುಡುಗನ ತಾಯಿ ಚಿಕ್ಕಮಲ್ಲಮ್ಮ, ಅಣ್ಣನ ಮಾತಿಗೆಲ್ಲ ತಲೆಯಾಡಿಸುವುದನ್ನೇ ಒಂದು ಕಸುಬು ಮಾಡಿಕೊಂಡವಳು, ಅದಕ್ಕೂ ತಲೆಯಾಡಿಸಿದಳು.

ಒಂದು ಸಂಗತಿ ಮಾತ್ರ ಸೋಮಮ್ಮನ ಮನಸ್ಸಿಗೆ ಬಂತು. ತಿಂದ ತಟ್ಟೆಯನ್ನು ಹುಡುಗ ತಾನೇ ಎತ್ತಿಕೊಂಡು ಬಚ್ಚಲ ಕಡೆ ಹೋದ. ಅಲ್ಲಿ ರಮ್ಯ ಎದುರಾದಾಗ, ಕಚೇರಿಗೆ ಹೋಗುವ ದಾರಿಯಲ್ಲಿ ಆನೆ ಸಿಗುತ್ತಾ ಎಂದು ಕೇಳಿದ. ಅವಳು ಕಾರಿನ ವಿಚಾರ ಕೇಳಿದಳು. ಆಗ ಮಾತ್ರ ಅವನಿಗೆ ಬಾಯಿ ಬಂದ ಹಾಗಾಯಿತು. ಕೊಯಮತ್ತೂರಿನವರೊಬ್ಬರು ಶೆಡ್ಡಿನಲ್ಲಿ ಧೂಳು ಹಿಡಿಸಿದ್ದನ್ನು ತಂದದ್ದು, ಬಿಡಿಭಾಗ ಹುಡುಕಿ ಹುಡುಕಿ ರಿಪೇರಿ ಮಾಡಿಸಿದ್ದು, ಎಲ್ಲ ಹೇಳಿದ. ಅಡುಗೆಮನೆಯ ಬಾಗಿಲ ಸಂದಿಯಿಂದ ಸೋಮಮ್ಮ ನೋಡಿದಳು. ಹುಡುಗನ ಮುಖ ಲಕ್ಷಣವಾಗಿಯೇ ಇತ್ತು.

"ಏನಂತೀಯ ಅತ್ತೆ?" ಅಂದಳು ರಮ್ಯ ಒಳಗೆ ಬಂದು.

"ಮಾತು ಕಮ್ಮಿ."

"ಕೆಟ್ಟವನಲ್ಲ ಅನ್ಸುತ್ತೆ."

"ಕೆಟ್ಟವನಲ್ಲ ಅನ್ನದು ಏನ್ ದೊಡ್ಡ ಮಾತು ಕಣಮ್ಮಿ? ಕುಂಬಳಕಾಯಿನೂ ಕೆಟ್ಟುದ್ದಲ್ಲ."

ರಮ್ಯ ನಕ್ಕಳು. ಆದರೆ ಕಣ್ಣು ತಟ್ಟೆಯ ಮೇಲಿತ್ತು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಜೋಡಿಸಿದ ತಾಂಬೂಲದ ತಟ್ಟೆ. ಅವರ ಕಡೆಯ ವಾಡಿಕೆಯಲ್ಲಿ ಒಪ್ಪಿಗೆ ಎಂಬುದನ್ನು ಬಾಯಲ್ಲಿ ಹೇಳುವುದಿಲ್ಲ. ಬಂದವರು ಹೊರಡುವಾಗ ಹುಡುಗಿಯೇ ಆ ತಟ್ಟೆ ಹಿಡಿದು ಹೊಸ್ತಿಲು ದಾಟಿ ಬಂದು ಕೊಟ್ಟರೆ ಮದುವೆ ಗಟ್ಟಿ. ಬಾರದಿದ್ದರೆ ಇಲ್ಲ. ಕೊಟ್ಟ ಮೇಲೆ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ, ತಟ್ಟೆ ಪಡೆದ ಗಂಡಿನ ಕಡೆಯವರು ಮತ್ತೆ ಆ ಮನೆಯಲ್ಲಿ ಕೂರುವ ಹಾಗಿಲ್ಲ, ನೇರ ಹೊರಟುಬಿಡಬೇಕು.

"ನಂಗೆ ಹೂಂ ಅನ್ಬೋದು ಅನ್ಸುತ್ತೆ," ಅಂದಳು ರಮ್ಯ ಮೆಲ್ಲಗೆ. "ನೀನೂ ಒಂದು ಮಾತು ಹೇಳು. ನೀನು ಬ್ಯಾಡ ಅಂದ್ರೆ ನಾನು ತಟ್ಟೆ ಮುಟ್ಟಲ್ಲ."

ಸೋಮಮ್ಮ ಉತ್ತರ ಕೊಡುವ ಮೊದಲೇ ಹೊರಗೆ ಹುಚ್ಚಯ್ಯ ಎದ್ದ. ಭಾನುವಾರ, ಸಂಜೆಗೆ ರಾಹುಕಾಲ, ಅಷ್ಟರೊಳಗೆ ತಾಂಬೂಲ ಹಿಡಿದು ಹೊರಡಬೇಕು. "ಮೊದಲು ಗಾಡಿ ಸ್ಟಾರ್ಟ್ ಮಾಡ್ಲಾ ಶಾಂತಾ. ತಟ್ಟೆ ಇಸ್ಕೊಂಡೇಟ್ಗ ಚಕ್ರ ಉರುಳ್ಬೇಕು."

ಶಾಂತರಾಜು ಹೋಗಿ ಕೂತ. ಎಲ್ಲರೂ ಜಗಲಿಯ ಮೇಲೆ ನಿಂತರು. ಒಳಗೆ ರಮ್ಯ ತಟ್ಟೆಯ ಪಕ್ಕದಲ್ಲಿ ನಿಂತಳು.

ಕಾರು ಸುಮ್ಮನಿತ್ತು.

ಅದಕ್ಕೆ ಬೀಗದ ಕೈ ತಿರುವುವಂಥದಿಲ್ಲ, ಒತ್ತುವ ಗುಂಡಿ. ಹುಡುಗ ಒತ್ತಿದ. ಮತ್ತೆ ಒತ್ತಿದ. ಸ್ಟೀರಿಂಗಿನ ಹಿಂದೆ ಕೆಂಪಗೆ ಒಂದು ದೀಪ ಮಿಣುಕಿತು. ಸ್ಟೀರಿಂಗ್ ಹಿಡಿದು ಅಲುಗಿಸಿದ. ನೆಟ್ಟ ಕಲ್ಲಿನ ಹಾಗೆ ಅಲ್ಲೇ ಇತ್ತು.

"ಸ್ಟೀರಿಂಗ್ ಲಾಕ್ ಬಿಡ್ತಾ ಇಲ್ಲ ಮಾವ," ಅಂದ. "ಅದು ಬಿಡೋತನಕ ಇಂಜಿನ್ ಸ್ಟಾರ್ಟ್ ಆಗಲ್ಲ."

"ಗಟ್ಟಿಯಾಗಿ ಒತ್ಲಾ."

ಗಟ್ಟಿಯಾಗಿ ಒತ್ತಿದ, ಗುಂಡಿಗೆ ಕಿವಿ ಇದ್ದು ಹುಚ್ಚಯ್ಯನ ಮಾತು ಕೇಳೀತು ಅನ್ನುವ ಹಾಗೆ. ಕೇಳಲಿಲ್ಲ.

ಹುಚ್ಚಯ್ಯ ಕತ್ತು ಎತ್ತಿ ಬೀದಿಯ ಮನೆಗಳನ್ನು ಒಂದೊಂದಾಗಿ ನೋಡಿದ. ಎದುರುಮನೆಯ ತಾರಸಿಯಲ್ಲಿ ಆಮಿನಾ ನಿಂತಿದ್ದಳು. "ಕಣ್ಣು ಬಿದ್ದದ. ಬಂದೇಟ್ಗೇ ಅಂದ್ಕಂಡೆ. ಮೇಲಿಂದ ಒಂದೇ ಸಮ ನೋಡ್ತಾವರ."

"ಅವಳು ನೋಡ್ತಿರದು ಒಣಗಾಕಿರೋ ಮೆಣಸಿನಕಾಯ ಕಣಪ್ಪ," ಅಂದಳು ಸೋಮಮ್ಮ. "ಕ್ವಾತಿ ಬಂದದು ಅಂತ. ನಿಮ್ಮ ಕಾರು ನೋಡುದ್ರ ಅವಳ್ಗೇನು ಸಿಕ್ತದ?"

ಹುಚ್ಚಯ್ಯ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಕರ್ಪೂರ, ನಿಂಬೆಹಣ್ಣು ಕೇಳಿದ. ರಂಗಸ್ವಾಮಿ ತಾನೇ ಓಡಿ ತಂದುಕೊಟ್ಟ. ಮೂತಿಯ ಮೇಲೆ ದೃಷ್ಟಿ ಇಳಿ ತೆಗೆದರು. ನಿಂಬೆಹಣ್ಣು ಕುಯ್ದು ನಾಲ್ಕು ದಿಕ್ಕಿಗೆ ಎಸೆದರು. ಒಂದು ಹೋಳು ಆಮಿನಾಳ ಬಾಗಿಲಿಗೇ ಬಿತ್ತು. ಹುಡುಗ ಮತ್ತೆ ಗುಂಡಿ ಒತ್ತಿದ. ಕೆಂಪು ದೀಪ ಮಿಣುಕಿತು, ಅಷ್ಟೆ.

ಆಗ ಶಿವಮಲ್ಲುವಿಗೆ ಬುದ್ಧಿ ಹೊಳೆಯಿತು. ಬ್ಯಾಟರಿ ಇಳಿದಿದೆ ಅಂದ. ಜೀಪು ತಂದು ಮೂತಿಗೆ ಮೂತಿ ಹಚ್ಚಿ, ಬಾನೆಟ್ಟು ಎತ್ತಿ, ಎರಡು ದಪ್ಪ ವೈರು ಸಿಕ್ಕಿಸಿದ. ಕಾರಿನ ಲೈಟು ಧಗಧಗ ಉರಿಯುತ್ತಿದ್ದುದನ್ನು ಅವನು ನೋಡಿರಲಿಲ್ಲ. ಬ್ಯಾಟರಿ ಇಳಿದ ಗಾಡಿಯ ಲೈಟು ಹೀಗೆ ಉರಿಯುತ್ತದೆಯೇ ಎಂದು ಸೋಮಮ್ಮ ಕೇಳಬೇಕೆಂದುಕೊಂಡಳು. ಕೇಳಲಿಲ್ಲ. ಗಂಡಸರು ಗಾಡಿಯ ಸುತ್ತ ನಿಂತಾಗ ಹೆಂಗಸರ ಮಾತು ಅವರಿಗೆ ನೊಣದ ಸದ್ದು. ವೈರಿನಿಂದಲೂ ಏನೂ ಆಗದೆ ಶಿವಮಲ್ಲು ಜೀಪನ್ನು ದೂರ ಒಯ್ದು ನಿಲ್ಲಿಸಿದ. ಸೋಮಮ್ಮನಿಗೆ ಆತುರವೇನೂ ಇರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತಳು. ಕೂತು ನೋಡುವುದು ಅವಳಿಗೆ ಬರುತ್ತಿತ್ತು.

ನೋಡುತ್ತ ನೋಡುತ್ತ ಅವಳಿಗೆ ಒಂದು ಕಂಡಿತು. ಉಳಿದವರೆಲ್ಲ ಕಾರಿನ ಮೂತಿ ನೋಡುತ್ತಿದ್ದರು, ಆಕಾಶ ನೋಡುತ್ತಿದ್ದರು, ಗಡಿಯಾರ ನೋಡುತ್ತಿದ್ದರು. ಹುಡುಗನೊಬ್ಬ ಮಾತ್ರ ಕಲ್ಲಿಗೆ ಒತ್ತಿಕೊಂಡ ಆ ಎಡಗಡೆಯ ಚಕ್ರವನ್ನೇ ನೋಡುತ್ತಿದ್ದ. ಇಳಿದು ಬಂದು ಅದರ ಪಕ್ಕ ನಿಲ್ಲುವನು, ಚಪ್ಪಲಿಯ ತುದಿಯಿಂದ ಕಲ್ಲು ಮುಟ್ಟುವನು, ಮಾವನ ಮುಖ ನೋಡುವನು, ಮತ್ತೆ ಹೋಗಿ ಕೂರುವನು. ಬಾಯಿ ತೆರೆಯುವನು, ಮುಚ್ಚುವನು. ನೀರಿನಿಂದ ಎತ್ತಿ ಹಾಕಿದ ಮೀನು ಇವನಿಗಿಂತ ಮೇಲು, ಒದ್ದಾಡುವುದನ್ನಾದರೂ ಮಾಡುತ್ತದೆ ಅನ್ನಿಸಿತು ಸೋಮಮ್ಮನಿಗೆ.

ಆಮಿನಾಳ ತಮ್ಮ ಮುಜೀಬ್‌ಗೆ ಊಟಿ ರಸ್ತೆಯಲ್ಲಿ ಗ್ಯಾರೇಜು. ರಂಗಸ್ವಾಮಿ ಫೋನು ಮಾಡಿದ. ಮುಜೀಬ್ ಬಂದವನೇ ಕಾರಿನ ಸುತ್ತ ಒಂದು ಸುತ್ತು ಹಾಕಿ, ತನ್ನ ಫೋನಿನಲ್ಲಿ ಅದರ ಜೊತೆ ಒಂದು ಫೋಟೊ ತೆಗೆದುಕೊಂಡ. ಆಮೇಲೆ ರಿಪೇರಿ.

"ಇದೆಲ್ಲ ನಂಗ ನೀರು ಕುಡುದಂಗ ಅಣ್ಣ. ಕೇರಳದೋರ ಗಾಡಿ ಇಂಥವ ಎಷ್ಟು ಮಾಡಿವ್ನಿ," ಅಂದ. ಫ್ಯೂಸ್ ಕಿತ್ತು ಊದಿ ಮತ್ತೆ ಹಾಕಿದ. ಆಗಲಿಲ್ಲ. ಕೀಲಿಯೊಳಗಿನ ಸೆಲ್ಲು ಬದಲಾಯಿಸಿದ. ಆಗಲಿಲ್ಲ. ಸೀಟಿನ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ, ಸ್ಟೀರಿಂಗ್ ಕಂಬದ ಬುಡಕ್ಕೆ ಸ್ಪ್ಯಾನರಿನಿಂದ ಟಪ ಟಪ ಬಡಿದ. ಆಗಲಿಲ್ಲ. ಎದ್ದು ಬಂದು ಕೈ ಒರೆಸಿಕೊಂಡು, "ಮೈಸೂರಿಂದ ಕಂಪ್ಯೂಟರ್ ತರಿಸ್ಬೇಕು," ಅಂದ. ಆಗ ಅವನ ಕಣ್ಣಿಗೆ ಚಕ್ರ ಬಿತ್ತು. "ಇಲ್ಲ ಅಂದ್ರ ಚಕ್ರ ಆ ಕಲ್ಲಿಂದ ಬುಡಿಸಿ ನೋಡನ. ಒಂಚೂರು ಹಿಂದಕ ತಳ್ಳುದ್ರ..."

"ಹಿಂದಕ ಅನ್ಬ್ಯಾಡ," ಅಂದ ಹುಚ್ಚಯ್ಯ. "ಹೆಣ್ಣು ನೋಡಕ ಬಂದ ಗಾಡಿ ಹಿಂದಕ ಓದ್ರ ಸಂಬಂಧ ಹಿಂದಕ ಓದಂಗ. ನಮ್ಮ ವಂಸದಲ್ಲಿ ಅದು ಆಗಿಲ್ಲ."

"ಹಂಗಾದ್ರ ಜಾಕಿ ಹಾಕಿ ಎತ್ತನ."

ಜಾಕಿ ತಂದ. ಕಾರಿನ ಹೊಟ್ಟೆಗೂ ನೆಲಕ್ಕೂ ಇದ್ದ ಸಂದಿಯಲ್ಲಿ ಜಾಕಿ ಇರಲಿ, ಸೋಮಮ್ಮನ ಎಲೆಯಡಿಕೆ ಚೀಲವೂ ಹಿಡಿಸುತ್ತಿರಲಿಲ್ಲ. ಮುಜೀಬ್ ಮಂಡಿಯೂರಿ, ಮಲಗಿ, ಎದ್ದು, "ನಿಮ್ಮ ಕಾರು ನಿಮ್ಮ ಇಷ್ಟ," ಅಂದು ಅಕ್ಕನ ಮನೆಗೆ ಟೀ ಕುಡಿಯಲು ಹೋದ.

ಹುಚ್ಚಯ್ಯ ಸೋಲುವವನಲ್ಲ. ಹಿಂದಕ್ಕೆ ಹೋಗದಿದ್ದರೆ ಮುಂದಕ್ಕೇ ತಳ್ಳಿರಿ ಅಂದ. ಜಗಲಿಯಲ್ಲಿದ್ದ ಗಂಡಸರೆಲ್ಲ ಪಂಚೆ ಎತ್ತಿ ಕಟ್ಟಿ ಹಿಂದೆ ನಿಂತು ತಳ್ಳಿದರು. ಮುಂದೆ ಕಲ್ಲು. ಕಾರು ಕಲ್ಲನ್ನು ಇನ್ನಷ್ಟು ಅಪ್ಪಿಕೊಂಡಿತು. "ಇನ್ನೊಂದು ದಪ ಹಾಕ್ರಲಾ," ಅಂದ ಹುಚ್ಚಯ್ಯ. ಹಾಕಿದರು. ರಂಗಸ್ವಾಮಿಯೂ ಹಾಕಿದ. ಬೀಗರಾಗುವವರ ಕಾರನ್ನು ತನ್ನ ಮನೆಯ ಕಲ್ಲಿಗೆ ತಾನೇ ಗುದ್ದಿಸುತ್ತಿದ್ದೇನೆ ಎಂಬುದು ಅವನಿಗೆ ಹೊಳೆದ ಹಾಗೆ ಕಾಣಲಿಲ್ಲ. ಒಳಗೆ ಕೂತ ಶಾಂತರಾಜುವಿನ ಮುಖದಲ್ಲಿ, ಹಲ್ಲು ಕೀಳಿಸಿಕೊಳ್ಳುವವನ ನೋವು. ಆದರೂ ಬಾಯಿ ಬಿಡಲಿಲ್ಲ.

ಸುಸ್ತಾಗಿ ಎಲ್ಲರೂ ಜಗಲಿಯ ನೆರಳಿಗೆ ಹೋದರು. ಹುಚ್ಚಯ್ಯನಿಗೆ ಮಜ್ಜಿಗೆ ಬಂತು. ರಮ್ಯ ಇನ್ನೊಂದು ಲೋಟ ಹಿಡಿದು ಕಾರಿನ ಬಳಿ ಹೋದಳು. ಸೋಮಮ್ಮ ಎದ್ದು, ಚಪ್ಪಡಿಯ ಮೇಲಿನ ನಿಂಬೆಹೋಳು ಆಯುವವಳ ಹಾಗೆ ಹಿಂದೆಯೇ ಹೋಗಿ ನಿಂತಳು.

"ಏನಾಗಿದೆ ಇದಕ್ಕೆ?" ಅಂದಳು ರಮ್ಯ.

ಶಾಂತರಾಜು ಲೋಟ ತೆಗೆದುಕೊಂಡ. ಮಾವ ದೂರದಲ್ಲಿದ್ದಾನೆ ಎಂದು ನೋಡಿಕೊಂಡ. ಆಮೇಲೆ, ಬಚ್ಚಲ ಹತ್ತಿರ ಬಂದಿತ್ತಲ್ಲ, ಆ ಬಾಯಿ ಮತ್ತೆ ಬಂತು. "ಸ್ಟೀರಿಂಗ್ ಕಂಬದೊಳಗೆ ಒಂದು ಕಬ್ಬಿಣದ ಕಡ್ಡಿ ಇರುತ್ತೆ. ಗಾಡಿ ಆಫ್ ಮಾಡಿದ್ಮೇಲೆ ಅದು ತೂತಿಗೆ ಇಳಿದು ಲಾಕ್ ಆಗುತ್ತೆ. ಗುಂಡಿ ಒತ್ತಿದ್ರೆ ಒಂದು ಪುಟ್ಟ ಮೋಟಾರು ಅದನ್ನ ಎಳ್ಕೋಬೇಕು. ಚಕ್ರ ಕಲ್ಲಿಗೆ ಒತ್ಕೊಂಡಿದ್ರೆ ಆ ಜೋರು ಕಡ್ಡಿ ಮೇಲೆ ಬಿದ್ದು ಬಿಗಿದ್ಕೊಂಡು ಬಿಡುತ್ತೆ. ಹಳೇ ಮೋಟಾರು, ಎಳೆಯೋ ಶಕ್ತಿ ಇಲ್ಲ."

ಸೋಮಮ್ಮನಿಗೆ ಅಷ್ಟು ಸಾಕಾಯಿತು. ಕುದೇರಿನ ಕೊಟ್ಟಿಗೆಯ ಬಾಗಿಲ ಅಗುಳಿಯೂ ಹೀಗೇ. ಬಾಗಿಲಿಗೆ ಹಸು ಒರಗಿ ನಿಂತಿದ್ದರೆ ಎಷ್ಟು ಎಳೆದರೂ ಬರುವುದಿಲ್ಲ. ಹಸುವನ್ನು ಅತ್ತ ಸರಿಸಿದರೆ ಒಂದು ಬೆರಳಿಗೆ ಬರುತ್ತದೆ.

"ಮತ್ತೆ ಏನ್ ಮಾಡ್ಬೇಕು?" ಅಂದಳು ರಮ್ಯ.

"ಏನಿಲ್ಲ. ಒಂದು ಗೇಣು ಹಿಂದಕ್ಕೆ ತಳ್ಳಿ, ಸ್ಟೀರಿಂಗ್ ಸ್ವಲ್ಪ ಅಲ್ಲಾಡಿಸ್ತಾ ಗುಂಡಿ ಒತ್ತಿದ್ರೆ ಬಿಟ್ಕೊಳ್ಳುತ್ತೆ. ಹೋದ ವರ್ಷ ಮೆಟ್ಟುಪಾಳ್ಯದಲ್ಲೂ ಹಿಂಗೇ ಆಗಿತ್ತು."

ರಮ್ಯ ಬಗ್ಗಿ ಕಲ್ಲಿಗೆ ಒತ್ತಿಕೊಂಡ ಚಕ್ರ ನೋಡಿದಳು. "ಅಂದ್ರೆ ನಿಮಗೆ ಮೊದಲಿಂದಾನೂ ಗೊತ್ತಿತ್ತು."

"ನಿಲ್ಲಿಸುವಾಗ್ಲೇ ಅನ್ಕೊಂಡೆ."

"ವೈರು ಹಾಕಿದ್ರು, ಬಡಿದ್ರು, ಅಪ್ಪ ಈ ವಯಸ್ಸಲ್ಲಿ ತಳ್ಳಿದ್ರು. ಯಾಕೆ ಹೇಳ್ಲಿಲ್ಲ?"

"ಮಾವ ಹಿಂದಕ್ಕೆ ಬೇಡ ಅಂದ್ರಲ್ಲ." ಮಜ್ಜಿಗೆ ಕುಡಿದು ಲೋಟ ಕೊಟ್ಟ. "ಅವರಿಗೆ ಎದುರು ಹೇಳಿದ್ರೆ ಏನನ್ಕೋತಾರೋ. ಅವರೇ ಒಂದು ದಾರಿ ಮಾಡ್ತಾರೆ ಬಿಡಿ."

ಲೋಟವನ್ನು ಕೈಯಲ್ಲಿ ಹಿಡಿದು ರಮ್ಯ ಅತ್ತೆಯ ಕಡೆ ತಿರುಗಿದಳು. ಸೋಮಮ್ಮ ನಿಂಬೆಹೋಳನ್ನು ಚರಂಡಿಗೆ ಎಸೆದು ಕೈ ಒರೆಸಿಕೊಂಡಳು. ಕ್ವಾರಿಯ ಮಾವ ಮೂರ್ಖ, ಅದು ಬೀದಿಗೇ ಗೊತ್ತು. ಮೂರ್ಖನ ಜೊತೆ ಜಗಳವಾಡಿಯಾದರೂ ಬಾಳಬಹುದು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೂತು, ಉಳಿದವರು ಬೆವರು ಸುರಿಸುವುದನ್ನು ನೋಡುವ ಇವನ ಜೊತೆ ಏನು ಜಗಳವಾಡುವುದು? ನಾಳೆ ಮನೆಯಲ್ಲಿ ರಮ್ಯಳಿಗೆ ಯಾರೋ ಏನೋ ಅಂದರೂ, ಇವನು ಇದೇ ಸೀಟಿನಲ್ಲಿ ಇದೇ ಮುಖ ಹಾಕಿಕೊಂಡು ಕೂತಿರುತ್ತಾನೆ, ಮಜ್ಜಿಗೆ ಕುಡಿಯುತ್ತ.

"ಲೋಟ ಕಲ್ಲಿನ ಮೇಲೆ ಮಡಗು ಕಣಮ್ಮಿ," ಅಂದಳು. "ಆಮಿನಾ, ಬಾಮ್ಮಾ ಇಲ್ಲಿ. ಒಂಚೂರು ಕೈ ಹಾಕು."

ಆಮಿನಾ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ನಿಂಬೆಹೋಳು. "ಇದು ನಿಮ್ಮ ಬೀಗ್ರುದಾ ಸೋಮಮ್ಮ? ಸಾರಿಗ ಆಯ್ತದ ಅಂತ ಎತ್ತಿಟ್ಟೆ," ಅನ್ನುತ್ತ ಬಂದಳು. ಹಿಂದೆಯೇ ಟೀ ಲೋಟ ಹಿಡಿದು ಮುಜೀಬ್. "ಅಕ್ಕ, ನೀನ್ಯಾಕ?" ಅಂದ. "ನೀನು ಫೋಟೊ ತಗೊ," ಅಂದಳು ಆಮಿನಾ.

"ಗೇರು ತೆಗೀರಿ, ಹ್ಯಾಂಡ್‌ಬ್ರೇಕ್ ಬಿಡಿ," ಅಂದಳು ರಮ್ಯ ಹುಡುಗನಿಗೆ. ಅವನು ಜಗಲಿಯ ಕಡೆ ನೋಡಿದ. "ಅಲ್ಲಿ ನೋಡ್ಬೇಡಿ. ಬಿಡಿ."

ಹೇಳಿದ್ದನ್ನು ಮಾಡುವುದು ಅವನಿಗೆ ಅಭ್ಯಾಸ. ಬಿಟ್ಟ.

ಮೂವರು ಹೆಂಗಸರು ಮೂತಿಗೆ ಕೈ ಕೊಟ್ಟರು. ಸೋಮಮ್ಮ ಕೈ ಸಾಲದೆಂದು ತಿರುಗಿ ಬೆನ್ನು ಕೊಟ್ಟು ಕಾಲನ್ನು ಚಪ್ಪಡಿಗೆ ಊರಿದಳು. ಜಗಲಿಯ ಮೇಲೆ ಹುಚ್ಚಯ್ಯ ಮಜ್ಜಿಗೆಯ ಲೋಟ ಇಳಿಸಿದ. "ಏಯ್, ಏನ್ ಮಾಡ್ತಿದ್ದರಿ ಅಲ್ಲಿ? ರಂಗಸ್ವಾಮಿ, ನಿಮ್ಮ ಹೆಂಗಸ್ರ ಕರಿ." ರಂಗಸ್ವಾಮಿ, "ಅಕ್ಕಾ," ಅಂದ. ಆ ಅಕ್ಕಾ ಎಷ್ಟು ಮೆತ್ತಗಿತ್ತೆಂದರೆ ಅವನಿಗೇ ಕೇಳಿಸಿತೋ ಇಲ್ಲವೋ.

ಕಾರು ಅಲುಗಿತು. ನಿಂತಿತು. ಮುಜೀಬ್ ಟೀ ಲೋಟವನ್ನು ಕಾರಿನ ನೆತ್ತಿಯ ಮೇಲಿಟ್ಟು ತಾನೂ ಭುಜ ಕೊಟ್ಟ. ಚಕ್ರ ಕಲ್ಲನ್ನು ಬಿಟ್ಟಿತು. ಒಂದು ಗೇಣು, ಅಷ್ಟೇ.

"ಈಗ ಒತ್ತಿ," ಅಂದಳು ರಮ್ಯ.

ಕಂಬದೊಳಗೆ ಟಕ್ ಎಂದಿತು. ಸ್ಟೀರಿಂಗ್ ಸಡಿಲಾಯಿತು, ಕೆಂಪು ದೀಪ ಆರಿತು, ಇಂಜಿನ್ನು ಹುಲಿಯ ಹಾಗೆ ಗುರುಗುಟ್ಟಿತು. ಟೀ ಲೋಟ ಅದುರಿ ಗಾಜಿನ ಮೇಲೆ ಉರುಳಿ, ಕೆಳಗೆ ಬಿದ್ದು ಒಡೆಯಿತು. ಬೀದಿಯ ನಾಯಿಯೊಂದು ಎದ್ದು ಬೊಗಳಿತು.

ಹುಚ್ಚಯ್ಯ ಇಳಿದು ಬಂದ. ಕಾರು ಸರಿಹೋಯಿತು ಎಂಬುದು ಅವನಿಗೆ ಕಾಣಲಿಲ್ಲ. ಕಲ್ಲಿಗೂ ಚಕ್ರಕ್ಕೂ ನಡುವಿನ ಆ ಗೇಣು ಜಾಗ ಮಾತ್ರ ಕಂಡಿತು. ಅದನ್ನು ಬಗ್ಗಿ ನೋಡಿದ. ಚಿಕ್ಕಮಲ್ಲಮ್ಮ ಕೂಡ ಬಗ್ಗಿ ನೋಡಿದಳು.

"ಹಿಂದಕ ಓಗ್ಬುಡ್ತು," ಅಂದ. "ಇರ್ಲಿ. ನಮ್ಮೋರ ಕೈಲಿ ಓಗಿಲ್ಲ, ಓಗಿರದು ಹೆಣ್ಣಿನ ಕೈಲಿ. ದೋಸ ಅವ್ರದು. ಗೋಪಾಲಸ್ವಾಮಿ ಬೆಟ್ಟದಲ್ಲಿ ಹೆಣ್ಣಿನ ಕಡೆಯೋರು ಒಂದು ಪೂಜೆ ಮಾಡ್ಸುದ್ರ ಕಳೀತದ. ಏನಂತೀರಿ ರಂಗಸ್ವಾಮಿ?"

"ಆಗ್ಲಿ ಬುಡಿ, ಮಾಡ್ಸನ," ಅಂದ ರಂಗಸ್ವಾಮಿ.

"ಹಂಗಾದ್ರ ನಿಮ್ಮ ಮಗ್ಳು ತಟ್ಟೆ ತರ್ಲಿ. ಗಾಡಿ ಸ್ಟಾರ್ಟ್ ಅದ, ರಾಹುಕಾಲಕ ಇನ್ನೂ ಒತ್ತು ಅದ."

ಎಲ್ಲರೂ ರಮ್ಯಳನ್ನು ನೋಡಿದರು. ಅವಳು ಒಳಗೆ ಹೋಗಲಿಲ್ಲ. ಕಾರಿನ ಕಿಟಕಿಯ ಬಳಿ ಬಗ್ಗಿದಳು. ದನಿ ಎತ್ತಲಿಲ್ಲ, ಆದರೆ ಇಂಜಿನ್ನಿನ ಸದ್ದಿನಲ್ಲೂ ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು: "ಹಿಂದಕ್ಕೆ ತಳ್ಳಿದ್ರೆ ಸರಿಹೋಗುತ್ತೆ ಅಂತ ನನಗೆ ಹೇಳಿದ್ದು ಯಾರು? ನಿಮ್ಮ ಮಾವಂಗೆ ಒಂದು ಮಾತು ಹೇಳಿ. ಅಷ್ಟು ಹೇಳಿ ಸಾಕು, ತಟ್ಟೆ ತರ್ತೀನಿ."

ಸೋಮಮ್ಮನ ಬಾಯಲ್ಲಿ ಬೇಡ ಎಂಬ ಮಾತು ಆಗಲೇ ಸಿದ್ಧವಾಗಿತ್ತು. ಅದನ್ನು ನುಂಗಿಕೊಂಡು ಕಾದಳು. ಹುಡುಗಿ ಇಷ್ಟು ದೊಡ್ಡ ಬಾಗಿಲು ತೆರೆದಿದ್ದಾಳೆ, ತೆವಳಿಕೊಂಡಾದರೂ ದಾಟಲಿ ಅಂದುಕೊಂಡಳು.

ಶಾಂತರಾಜು ರಮ್ಯಳನ್ನು ನೋಡಿದ. ಮಾವನನ್ನು ನೋಡಿದ. ಹುಚ್ಚಯ್ಯ ಹುಬ್ಬು ಎತ್ತಿ, "ಏನ್ಲಾ ಅದು?" ಅಂದ. ಹುಡುಗ ಸ್ಪೀಡು ತೋರಿಸುವ ಮುಳ್ಳಿನ ಗಾಜಿನ ಕಡೆ ಕಣ್ಣು ಇಳಿಸಿ, ಅಲ್ಲಿ ಯಾರೋ ಬರೆದಿಟ್ಟದ್ದನ್ನು ಓದುವವನ ಹಾಗೆ, "ಏನಿಲ್ಲ ಮಾವ. ಹೊತ್ತಾಯ್ತು, ಕೂತ್ಕೊಳ್ಳಿ," ಅಂದ.

ರಮ್ಯ ನೆಟ್ಟಗಾದಳು. ಕಲ್ಲಿನ ಮೇಲಿದ್ದ ಮಜ್ಜಿಗೆ ಲೋಟ ಎತ್ತಿಕೊಂಡಳು. ಒಳಗೆ ಹೋದಳು. ಹೊರಗೆ ಬರಲಿಲ್ಲ.

ಎಲ್ಲರೂ ಬಾಗಿಲ ಕಡೆ ನೋಡುತ್ತ ನಿಂತರು. ಪೆಟ್ರೋಲು ಸುಡುತ್ತಿತ್ತು. ಬಚ್ಚಲಲ್ಲಿ ಲೋಟ ತೊಳೆಯುವ ಸದ್ದು ಬಂತು. ಆಮೇಲೆ ಅದೂ ನಿಂತಿತು.

"ಅಕ್ಕಾ, ಏನ್ ಹೇಳ್ಲಿ ಇವರ್ಗ?" ಅಂದ ರಂಗಸ್ವಾಮಿ ಕಿವಿಯ ಹತ್ತಿರ ಬಂದು.

"ನೀನು ಸುಮ್ನಿರು. ಅದು ನಿಂಗ ಚೆಂದಾಗಿ ಬತ್ತದ," ಅಂದಳು ಸೋಮಮ್ಮ. ಹುಚ್ಚಯ್ಯನ ಕಡೆ ತಿರುಗಿದಳು. "ಉಸಾರಾಗಿ ಓಗಿ ಬನ್ನಿ ಕಣಪ್ಪ. ತಿರುವಿನಲ್ಲಿ ಉಬ್ಬು ಅದ, ಮೆಲ್ಲಗ."

"ಅಂದ್ರ ತಟ್ಟೆ?"

"ತಟ್ಟೆ ನಮ್ಮದು. ಒಳಗೇ ಅದ."

ಹುಚ್ಚಯ್ಯನ ಮುಖ ಅವನ ಕ್ವಾರಿಯ ಕಲ್ಲಿನ ಬಣ್ಣಕ್ಕೆ ತಿರುಗಿತು. ಹಿಂದಕ್ಕೆ ಹೋದ ಗಾಡಿಯ ಫಲ ಇದು, ನಾನು ಆಗಲೇ ಹೇಳಿದೆ ಎಂದು ಬೀದಿಗೆಲ್ಲ ಸಾರಿದ. ಅದನ್ನು ಯಾರೂ ಅಲ್ಲಗಳೆಯಲಿಲ್ಲ. ತನ್ನ ಮಾತೇ ನಿಜವಾಯಿತೆಂಬ ಸಮಾಧಾನ 'ಇಲ್ಲ' ಅನ್ನಿಸಿಕೊಂಡ ಅವಮಾನವನ್ನು ಅರ್ಧಕ್ಕರ್ಧ ತಿಂದುಹಾಕಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಶಿವಮಲ್ಲು ಅವನನ್ನು ಕಾರಿನೊಳಗೆ ತುರುಕಿದ. ಮೊದಲು ಕೈ ಹೋಯಿತು, ಆಮೇಲೆ ಕಾಲು, ಮಿಕ್ಕಿದ್ದು ಕೊನೆಗೆ. ಹುಡುಗ ಸ್ಟೀರಿಂಗ್ ತಿರುಗಿಸಿದ. ಕಲ್ಲನ್ನು ತಪ್ಪಿಸಿಕೊಳ್ಳಲು ಆ ಒಂದು ಗೇಣು ಜಾಗವೇ ಸಾಕಾಯಿತು. ಕಾರು ಪೂರ್ವಕ್ಕೆ ಮೂತಿ ಮಾಡಿ ಹೊರಟಿತು, ಹಿಂದೆ ಜೀಪು. ತೆರಕಣಾಂಬಿ ದಾರಿಗೆ ತಿರುಗುವ ಮೊದಲು ಉಬ್ಬಿನ ಮೇಲೆ ಹೊಟ್ಟೆ ಕೆರೆದ ಸದ್ದು ಮತ್ತೊಮ್ಮೆ ಬಂತು.

ಮುಜೀಬ್ ಒಡೆದ ಲೋಟದ ಚೂರು ಆಯುತ್ತಿದ್ದ. ಆಮಿನಾ ಅವನ ತಲೆಯ ಮೇಲೆಯೇ ಆ ಲೋಟದ ಲೆಕ್ಕ ಕೇಳುತ್ತಿದ್ದಳು. ಸೋಮಮ್ಮ ಬೆನ್ನು ಹಿಡಿದುಕೊಂಡು ಒಳಗೆ ಬಂದಳು.

ರಮ್ಯ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು, ಎದುರಿಗೆ ತಟ್ಟೆ. ಅತ್ತಿರಲಿಲ್ಲ. ಬಾಳೆಹಣ್ಣೊಂದನ್ನು ಸುಲಿದು ತಿನ್ನುತ್ತಿದ್ದಳು. ಸೋಮಮ್ಮ ಪಕ್ಕದಲ್ಲಿ ಕುಕ್ಕರಿಸಿ, ಬೆಳಿಗ್ಗೆಯಿಂದ ಯಾರೂ ಮುಟ್ಟದ ಎಲೆಗಳಲ್ಲಿ ಎಳೆಯದನ್ನು ಆರಿಸಿ, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಹಚ್ಚಿದಳು.

"ಅವನು ಕೆಟ್ಟವನೇನಲ್ಲ ಅತ್ತೆ," ಅಂದಳು ರಮ್ಯ.

"ಅಲ್ಲ," ಅಂದಳು ಸೋಮಮ್ಮ, ಎಲೆ ಮಡಚಿ ದವಡೆಗೆ ಒತ್ತುತ್ತ. "ಕುಂಬಳಕಾಯಿನೂ ಅಲ್ಲ. ಅದ ಒಡೆದ್ರ ಒಳಗ ಬೀಜನಾದ್ರೂ ಇರ್ತದ."